ಬೂದಿಯ ಮೇಲೆ ಎದ್ದ ಊರು

ಬಳ್ಳಾರಿಯ ಕಂಟೋನ್ಮೆಂಟಿಗೆ ಆ ಹೆಸರು ಬಂದದ್ದು ಬ್ರಿಟಿಷರ ದಂಡಿನಿಂದ. 1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿತು. ಮುಂದೆ ಕೋಟೆಯ ಗುಡ್ಡದಾಚೆಯ ಬಯಲಿನಲ್ಲಿ ಸೈನ್ಯ ಬೀಡುಬಿಟ್ಟಿತು, ರೈಲು ಬಂತು, ಜನವಸತಿ ಬೆಳೆಯಿತು. ಬ್ರಿಟಿಷರ ದಂಡು ಹೋದರೂ ಊರು ಉಳಿಯಿತು. ಊರೊಂದು ಹುಟ್ಟುವುದು ಒಂದು ಕಾರಣಕ್ಕೆ, ಉಳಿಯುವುದು ಮತ್ತೊಂದು ಕಾರಣಕ್ಕೆ. ಸಾವಿರಾರು ವರ್ಷಗಳ ಹಿಂದೆಯೂ ಹೀಗೆಯೇ ಆಗಿತ್ತೆಂಬುದಕ್ಕೆ ಸಾಕ್ಷಿ ನಗರದ ಸಮೀಪದಲ್ಲೇ ಇದೆ.

ಅದು ಸಂಗನಕಲ್ಲಿನ ಸಣ್ಣರಾಚಮ್ಮನ ಗುಡ್ಡ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಬಹುಕಾಲದ ನಂತರ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಮತ್ತೆ ಅಗೆದು ನೋಡಿದಾಗ ಬೂದಿಯ ಪದರ ಕೆಳಗೆ, ಮನೆಗಳ ಕುರುಹು ಅದರ ಮೇಲೆ ಕಂಡವು.

ಬೂದಿ ಎಲ್ಲಿಂದ ಬಂತು? ಕುಡತಿನಿಯ ಬೂದಿದಿಬ್ಬವನ್ನು ಜನ ರಾಕ್ಷಸನ ಚಿತೆಯೆಂದು ನಂಬಿದ್ದರು. ಅದು ಸುಟ್ಟ ಸಗಣಿಯೆಂದು 19ನೆಯ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದರು. ತೆಲಂಗಾಣದ ಉತ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತೇ ಸಿಕ್ಕಿತು.

ಅಂದರೆ ಸಣ್ಣರಾಚಮ್ಮನ ಗುಡ್ಡಕ್ಕೆ ಜನ ಮೊದಲು ಬಂದದ್ದು ದನಕರುಗಳ ಜೊತೆಗೆ. ಆಮೇಲೆ ಅಲ್ಲಿಯೇ ನೆಲೆನಿಂತು ಮನೆ ಕಟ್ಟಿದರು. ಹುರುಳಿ, ಹೆಸರು, ಕಿರುಧಾನ್ಯ ಬೆಳೆದರು. ಪಕ್ಕದ ಹಿರೇಗುಡ್ಡದ ಕರಿಗಲ್ಲಿನಿಂದ ಕೊಡಲಿ ಮಾಡಿದರು. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗಲೂ ಗುಡ್ಡದ ಬಂಡೆಗಳ ನಡುವೆ ಇಂಥ ಜನರ ದುಂಡು ಗುಡಿಸಲುಗಳ ನೆಲೆ ಕಂಡಿತು. ಕಾಲಕ್ರಮದಲ್ಲಿ ಗುಡ್ಡದ ಮೇಲಿನ ವಸತಿಗಳು ಬರಿದಾದವು. ಜನ ಬಯಲಿಗೆ ಇಳಿದರು.

ಈ ಕಥೆ ತಿಳಿದದ್ದು ಬರಿಯ ವಸ್ತುಗಳಿಂದಲ್ಲ, ಅವು ಇದ್ದ ಜಾಗದಿಂದ. ಮಡಕೆಯ ಚೂರು ಬೂದಿಯ ಕೆಳಗಿತ್ತೇ, ಮೇಲಿತ್ತೇ ಎಂಬುದರಲ್ಲೇ ಊರಿನ ಹಿಂದುಮುಂದು ಅಡಗಿದೆ. ಅದೇ ಚೂರನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಅದು ಮೂಕವಾಗುತ್ತದೆ. ಕಲ್ಲುಗಣಿಯ ಸಿಡಿಮದ್ದು ಒಂದೇ ದಿನದಲ್ಲಿ ಎಷ್ಟೋ ತಲೆಮಾರುಗಳ ದಾಖಲೆಯನ್ನು ಅಳಿಸಬಲ್ಲದು.

ರಜೆಯಲ್ಲಿ ಮಕ್ಕಳನ್ನು ಈ ಗುಡ್ಡಗಳಿಗೆ ಕರೆದೊಯ್ಯುವ ತಂದೆತಾಯಿಗಳು ಒಂದು ಮಾತು ಹೇಳಿಕೊಟ್ಟರೆ ಸಾಕು: ನೋಡಿ, ಚಿತ್ರ ಬರೆದುಕೊಳ್ಳಿ, ಕಲ್ಲನ್ನೂ ಚೂರನ್ನೂ ಇದ್ದಲ್ಲೇ ಬಿಡಿ.