‘ಇದಕ್ಕೆ ಹಲವು ಕಾರಣಗಳಿವೆ’

ನಮ್ಮ ಸಂಘದ ಪ್ರಬಂಧ ಸ್ಪರ್ಧೆಗೆ ಬಂದ ಬರಹಗಳನ್ನು ಶುದ್ಧಪ್ರತಿ ಮಾಡುವ ಕೆಲಸ ಈ ಸಲ ನನ್ನ ಕೊರಳಿಗೆ ಬಿತ್ತು. ವಿಷಯ, ‘ಗುಳೆ: ಕಾರಣ ಮತ್ತು ಪರಿಣಾಮ’. ಅಷ್ಟೂ ಪ್ರಬಂಧಗಳನ್ನು ಒಂದಕ್ಷರ ಬಿಡದೆ ಓದಿದವನು ತೀರ್ಪುಗಾರರನ್ನು ಬಿಟ್ಟರೆ ನಾನೊಬ್ಬನೇ. (ತೀರ್ಪುಗಾರರೂ ಓದಿದ್ದಾರೆ ಎಂದೇ ನಂಬೋಣ.) ಆ ಹಕ್ಕಿನಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ, ಗೆಳೆಯರು ಸಿಟ್ಟಾಗಬಾರದು.

ಹೆಚ್ಚುಕಡಿಮೆ ಎಲ್ಲ ಪ್ರಬಂಧಗಳ ಎರಡನೆಯ ಪ್ಯಾರಾ ಒಂದೇ ವಾಕ್ಯದಿಂದ ಶುರುವಾಗುತ್ತದೆ: ‘ಇದಕ್ಕೆ ಹಲವು ಕಾರಣಗಳಿವೆ.’ ಆಮೇಲೆ ಬಡತನ, ಅನಕ್ಷರತೆ, ಮಳೆಯ ಅಭಾವ, ಜನಸಂಖ್ಯಾ ಸ್ಫೋಟ, ಮೂಢನಂಬಿಕೆ, ಸರ್ಕಾರದ ನಿರ್ಲಕ್ಷ್ಯ. ಸಂತೆಯಲ್ಲಿ ಉಳ್ಳಾಗಡ್ಡಿ ಗುಡ್ಡೆ ಹಾಕಿದ ಹಾಗೆ ಒಂದರ ಪಕ್ಕ ಒಂದು. ಈ ಗುಡ್ಡೆಗಳಲ್ಲಿ ಯಾವುದು ಯಾವುದನ್ನು ಹುಟ್ಟಿಸಿತು, ಯಾವುದು ಮೊದಲು, ಯಾವುದು ಆಮೇಲೆ, ಒಂದು ಇಲ್ಲದಿದ್ದರೆ ಇನ್ನೊಂದು ಇರುತ್ತಿತ್ತೇ, ಇದ್ಯಾವುದೂ ಇಲ್ಲ. ನಾನೊಂದು ಪರೀಕ್ಷೆ ಮಾಡಿ ನೋಡಿದೆ. ಒಂದು ಪ್ರಬಂಧದ ಆ ಪ್ಯಾರಾದಲ್ಲಿ ‘ಗುಳೆ’ ಎಂದಿದ್ದ ಕಡೆಯೆಲ್ಲ ‘ಬಾಲ್ಯವಿವಾಹ’ ಎಂದು ಇಟ್ಟು ಓದಿದೆ. ಸರಿಯಾಗಿ ಕೂತಿತು! ‘ನಿರುದ್ಯೋಗ’ ಇಟ್ಟೆ, ಅದೂ ಕೂತಿತು. ಎಲ್ಲ ಬೀಗಕ್ಕೂ ಹೋಗುವ ಕೀಲಿಕೈ ಕಳ್ಳನಿಗೆ ಉಪಯೋಗ, ಮನೆಯವನಿಗಲ್ಲ.

ಬಿ.ಕಾಂ. ಓದುವವನಿಗೆ ಪ್ರಬಂಧದ ಉಸಾಬರಿ ಏಕೆ ಎಂದು ಕನ್ನಡ ಐಚ್ಛಿಕದ ಗೆಳೆಯರು ಕೇಳಬಹುದು. ನಮ್ಮ ಖಾತೆ ಪುಸ್ತಕದಲ್ಲಿ ‘ಹಲವು ಕಡೆಗಳಿಂದ ಹಣ ಬಂದಿದೆ’ ಎಂದು ಬರೆದರೆ ಮೇಷ್ಟ್ರು ಪುಸ್ತಕ ಮುಖಕ್ಕೆ ಎಸೆಯುತ್ತಾರೆ. ಎಲ್ಲಿಂದ ಬಂತು, ಎಷ್ಟು ಬಂತು, ಎಲ್ಲಿಗೆ ಹೋಯಿತು? ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಉತ್ತರ ಇರಲೇಬೇಕು. ಸಾಹಿತ್ಯದವರಿಗೆ ಮಾತ್ರ ಈ ಲೆಕ್ಕ ಮಾಫಿ ಯಾಕೆ ಅನ್ನೋದು ನನ್ನ ತಕರಾರು.

ನಾವು ಹೀಗೆ ಯಾಕೆ ಬರೀತೀವಿ? ‘ವಿದ್ಯಾರ್ಥಿಗಳ ಸೋಮಾರಿತನ’ ಎಂದು ಯಾರಾದರೂ ಹೇಳಿದರೆ ಅದೂ ಅದೇ ಗುಡ್ಡೆಯ ಉಳ್ಳಾಗಡ್ಡಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ದಾಟಿದವರಿಗೆ ನಿಜವಾದ ಕಾರಣ ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಒಳಗೆ ಇಷ್ಟು ಅಂಶ ಇದ್ದರೆ ಇಷ್ಟು ಅಂಕ. ಅಂಶಕ್ಕೆ ಅಂಕ ಸಿಗುವಾಗ ಅಂಶಗಳ ನಡುವಿನ ಸಂಬಂಧ ಬರೆಯುತ್ತಾ ಕೂತವನಿಗೆ ಹೊತ್ತು ಹೋಗುತ್ತದೆ, ಅಂಕ ಬರುವುದಿಲ್ಲ. ಆದ್ದರಿಂದ ಜಾಣ ಹುಡುಗರೇ ಮೊದಲು ಪಟ್ಟಿ ಮಾಡುವುದನ್ನು ಕಲಿತರು. ಇದನ್ನು ಸೋಮಾರಿತನ ಅನ್ನಲಾಗುವುದಿಲ್ಲ, ಇದು ವ್ಯಾಪಾರ.

ಇನ್ನೊಂದು ಕಾರಣ ನಮ್ಮ ಭಾಷೆಯಲ್ಲೇ ಅಡಗಿದೆ ಅನ್ನಿಸುತ್ತದೆ. ‘ಹಾವು ಕಚ್ಚಿ ಸತ್ತ’ ಅನ್ನುತ್ತೇವೆ. ‘ಊಟ ಮಾಡಿ ಮಲಗಿದ’ ಅನ್ನುತ್ತೇವೆ. ಎರಡರಲ್ಲೂ ಅದೇ ‘ಇ’ ಪ್ರತ್ಯಯ. ಮೊದಲನೆಯದರಲ್ಲಿ ಅದು ಕಾರಣ, ಎರಡನೆಯದರಲ್ಲಿ ಬರೀ ಮುಂಚೆ-ಆಮೇಲೆ. ‘ಮಳೆ ಬಂದು ಗೋಡೆ ಬಿತ್ತು’ ಎಂದಾಗ ಕೇಳುವವನೇ ಕಾರಣವನ್ನು ಊಹಿಸಿಕೊಳ್ಳುತ್ತಾನೆ, ಹೇಳಿದವನು ಹೊಣೆ ಹೊತ್ತಿಲ್ಲ. ಗೋಡೆಗೆ ಹಾಕಿದ ಸಿಮೆಂಟಿನಲ್ಲಿ ಮರಳೇ ಹೆಚ್ಚಿತ್ತೋ ಏನೋ! ‘ಮಳೆ ಬಂದದ್ದರಿಂದ ಗೋಡೆ ಬಿತ್ತು’ ಎಂದು ಬರೆಯಹೋದರೆ ಆ ‘ಇಂದ’ ಪೆನ್ನು ಹಿಡಿದು ನಿಲ್ಲಿಸುತ್ತದೆ: ಹೌದಾ? ಅಷ್ಟೇನಾ? ಪಕ್ಕದ ಮನೆ ಗೋಡೆ ಯಾಕೆ ಬೀಳಲಿಲ್ಲ? ಮಾತಿನಲ್ಲಿ ‘ಬಂದು’ ಚಂದ, ಪ್ರಬಂಧದಲ್ಲಿ ಆಗಾಗ ‘ಇಂದ’ ಬರೆದು ನೋಡಿಕೊಳ್ಳಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಮಾಡಿದ ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲವೇ?

ನಾನಿರುವ ಮಾದಾಪುರದಿಂದಲೇ ಕಾಗೆ-ಕೊಂಬೆಯ ಉದಾಹರಣೆ ಕೊಡುತ್ತೇನೆ. 1998ರ ನವೆಂಬರ್ 22ರಂದು ಪ್ರಧಾನಿ ವಾಜಪೇಯಿ ಇಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಆಮೇಲೆ ಬಂಡೆಗಲ್ಲಿನ ಊರು ಗಾಜಿನ ಊರಾಯಿತು. ‘ಸೈಬರ್ ಟವರ್ಸ್ ಬಂದು ಮಾದಾಪುರ ಬೆಳೆಯಿತು’ ಎಂದು ಆಟೋದವರೂ ಹೇಳುತ್ತಾರೆ. ಒಂದು ಕಟ್ಟಡ ಊರು ಬೆಳೆಸುವುದಾದರೆ ನಮ್ಮ ಜಿಲ್ಲೆಗಳಲ್ಲೂ ಒಂದೊಂದು ಗುಂಡು ಕಟ್ಟಡ ಕಟ್ಟಿದರೆ ಸಾಕಲ್ಲ! ಪಟ್ಟಣಕ್ಕೆ ಹತ್ತಿರ ಇದ್ದೂ ಖಾಲಿ ಬಿದ್ದಿದ್ದ ಜಾಗ, ಇಂಜಿನಿಯರಿಂಗ್ ಓದಿ ಕೂತಿದ್ದ ಹುಡುಗರು, ಹೊರದೇಶದಿಂದ ಬರುತ್ತಿದ್ದ ಕೆಲಸ ಇವೆಲ್ಲ ಮೊದಲೇ ಕಾದಿದ್ದವು. ಕಟ್ಟಡ ಬೆಂಕಿಕಡ್ಡಿ, ಕಟ್ಟಿಗೆ ಬೇರೆ.

ಆ ಗಾಜಿನ ಕಟ್ಟಡಗಳನ್ನು ಕಟ್ಟಲು ಬಂದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ನಮ್ಮವರಿದ್ದಾರೆ. ಬೆಳಿಗ್ಗೆ ಲೇಬರ್ ಅಡ್ಡಾದಲ್ಲಿ ನಿಂತರೆ ತೆಲುಗಿನ ನಡುವೆ ನಮ್ಮ ಕನ್ನಡ ಕಿವಿಗೆ ಬೀಳುತ್ತದೆ. ಪ್ರಬಂಧಗಳನ್ನು ಓದಿದ ಮೇಲೆ ಒಂದು ದಿನ ಮಾನ್ವಿ ತಾಲ್ಲೂಕಿನ ಒಬ್ಬ ಗೌಂಡಿಯನ್ನು ಕೇಳಿದೆ.

“ಊರು ಬಿಟ್ಟು ಯಾಕ ಬಂದೀರಿ ಕಾಕಾ?”

“ಮಳಿ ಇಲ್ಲ, ಬೆಳಿ ಇಲ್ಲ, ಬಂದ್ವಿ.”

“ಹೋದ ವರ್ಷ ಮಳಿ ಚೊಲೋ ಆಗಿತ್ತಲ್ಲ, ಆಗ?”

“ಆಗೂ ಬಂದಿದ್ವಿ. ಕಾಲುವಿ ನೀರು ನಮ್ಮ ಹೊಲದ ತನಕ ಬರಲಿಲ್ಲ.”

“ಯಾಕ?”

“ಮ್ಯಾಲಿನವರು ಭತ್ತ ಹಚ್ಯಾರ. ನಮಗೆಲ್ಲಿ ಉಳೀತದ?”

“ಈ ವರ್ಷ ನೀರು ಬಂದ್ರ ಊರಾಗ ಇರ್ತೀರೇನು?”

ಆತ ನಕ್ಕ. “ಮುಂಗಡ ಇಸ್ಕೊಂಡೀವಲ್ಲಪ್ಪ. ನೀರು ಬರಲಿ ಬಿಡಲಿ, ನಾವು ಬರಬೇಕು.”

ನೋಡಿ, ನಾಲ್ಕು ‘ಯಾಕ’ಗಳಲ್ಲಿ ಆ ಮನುಷ್ಯ ನಮ್ಮ ಎಲ್ಲ ಪ್ರಬಂಧಗಳಿಗಿಂತ ಮುಂದೆ ಹೋದ. ಮೊದಲ ಉತ್ತರ ಎಲ್ಲರ ಉತ್ತರ. ನಾವು ಅಲ್ಲಿಗೇ ಪೆನ್ನು ಮುಚ್ಚಿದ್ದೇವೆ. ಎರಡನೆಯ ಉತ್ತರದ ಹಿಂದೆ ದೊಡ್ಡ ಕತೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂದೇ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಅಲ್ಲಿ ನಿಂತ ನೀರು ಕೆಳಗೆ ಹರಿಯುವುದಿಲ್ಲ, ಹಾಗಾಗಿ ಮಾನ್ವಿ, ರಾಯಚೂರು ಕಡೆಯ ಕೊನೆಭಾಗ ಬಾಯಾರಿತು. ಇತ್ತ 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105 ಟಿಎಂಸಿಯ ಆಸುಪಾಸಿಗೆ ಇಳಿಯಿತು. ಇರುವ ನೀರೇ ಕಡಿಮೆ, ಅದರಲ್ಲಿ ಮೊದಲ ಪಾಲು ಮೇಲಿನವರಿಗೆ. ‘ಮಳೆಯ ಅಭಾವ’ ಎಂಬ ಎರಡು ಪದ ಇಷ್ಟನ್ನೂ ಮುಚ್ಚಿಬಿಡುತ್ತದೆ.

ನಾಲ್ಕನೆಯ ಉತ್ತರ ಇನ್ನೂ ಬೇರೆ. ಹಿಂದಿನ ವರ್ಷದ ಗುಳೆಗಾಗಿ ಇಸಿದುಕೊಂಡ ಮುಂಗಡ ಈ ವರ್ಷದ ಗುಳೆಗೆ ಕಾರಣ. ಅಂದರೆ ಪರಿಣಾಮವೇ ತಿರುಗಿ ಕಾರಣವಾಯಿತು. ನಮ್ಮ ಪ್ರಬಂಧಗಳಲ್ಲಿ ‘ಕಾರಣಗಳು’ ಒಂದು ಪ್ಯಾರಾ, ‘ಪರಿಣಾಮಗಳು’ ಇನ್ನೊಂದು ಪ್ಯಾರಾ. ಮಧ್ಯೆ ಗೋಡೆ. ಮುಂಗಡವನ್ನು ಯಾವ ಪ್ಯಾರಾದಲ್ಲಿ ಹಾಕುತ್ತೀರಿ?

ಇದು ಬರೀ ಬರವಣಿಗೆಯ ವಿಷಯವಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಕಾರಣ ಹೇಳುವುದೆಂದರೆ ಯಾರ ಮೇಲೋ ಹೊಣೆ ಹೊರಿಸುವುದು. ‘ಅನಕ್ಷರತೆ ಗುಳೆಗೆ ಕಾರಣ’ ಎಂದು ಬರೆದ ಗಳಿಗೆಯಲ್ಲಿ ತಪ್ಪು ಆ ಗೌಂಡಿಯದಾಯಿತು: ಅವನು ಓದಲಿಲ್ಲ, ಅದಕ್ಕೆ ಬಂದ. ಕಾಲುವೆಯ ತೂಬು ಬಿಡುವವನು, ಭತ್ತ ಬೆಳೆದವನು, ಮುಂಗಡ ಕೊಟ್ಟ ಗುತ್ತೇದಾರ ಎಲ್ಲರೂ ಆ ವಾಕ್ಯದಿಂದ ಹೊರಗೆ ನಡೆದುಹೋದರು. ಅವನಿಗೆ ಓದಲು ಬಂದಿದ್ದರೆ ಹೊಲಕ್ಕೆ ನೀರು ಬರುತ್ತಿತ್ತೇ?

ಕಾರಣ ಸರಿಯಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನ ಸಾಕ್ಷಿ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ‘ಮಳೆ ಬಂದು ಊರು ಮುಳುಗಿತು’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಎಷ್ಟು ಮಳೆ, ಎಲ್ಲಿ ಬಿತ್ತು, ಬಿದ್ದ ನೀರು ಯಾವ ದಾರಿಯಲ್ಲಿ ಬಂತು ಎಂದು ಅವರು ಕೇಳುತ್ತಾ ಮೇಲಕ್ಕೆ ಹೋದರು. ನದಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯ ಮೇಲೆ, ಅದು ಅದರ ಕೆಳಗಿನದರ ಮೇಲೆ. ಊರಿನ ಮೇಲೆ ಬಿದ್ದದ್ದು ಮಳೆಯ ನೀರಷ್ಟೇ ಆಗಿರಲಿಲ್ಲ, ಒಡೆದ ಕೆರೆಗಳ ನೀರೂ ಅದರಲ್ಲಿತ್ತು. ಈ ಕಾರಣ ಸಿಕ್ಕ ಮೇಲೆ ಪರಿಹಾರ ಊರಿನ ಒಳಗೆ ಗೋಡೆ ಎಬ್ಬಿಸುವುದಕ್ಕಷ್ಟೇ ನಿಲ್ಲಲಿಲ್ಲ, ಊರಿನ ಮೇಲ್ಭಾಗದಲ್ಲಿ ನೀರನ್ನು ತಡೆಯುವುದಕ್ಕೆ ಹೋಯಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಮಳೆಯೊಂದೇ ಕಾರಣ ಎಂದಿದ್ದರೆ ಪೂಜೆಯೊಂದೇ ಪರಿಹಾರ. 2020ರ ಅಕ್ಟೋಬರಿನಲ್ಲಿ ಮತ್ತೆ ಊರು ಮುಳುಗಿತು, ಪಲ್ಲೆ ಚೆರುವು ಒಡೆಯಿತು. ಆಗಲೂ ಬಹಳ ಜನ ಮಳೆಯನ್ನೇ ಬೈದರು. ಕೆರೆಯ ಕೋಡಿ ಹರಿಯುವ ಜಾಗದಲ್ಲಿ ಮನೆ ಕಟ್ಟಿದರೆ ಮಳೆ ಏನು ಮಾಡಬೇಕು? 2024ರ ಆಗಸ್ಟಿನಲ್ಲಿ ಹೈಡ್ರಾ ಎಂಬ ಹೊಸ ಸಂಸ್ಥೆ ಮಾದಾಪುರದ ತಮ್ಮಿಡಿಕುಂಟದ ದಂಡೆಯ ದೊಡ್ಡ ಸಭಾಂಗಣ ಕೆಡವಿದಾಗ ಈ ಪ್ರಶ್ನೆ ಕೊಂಚ ಜೋರಾಗಿ ಕೇಳಿಬಂತು.

ಇಲ್ಲಿ ಒಬ್ಬ ಗೆಳೆಯನ ಆಕ್ಷೇಪ ಇದೆ: “ಹೀಗೆ ಯಾಕೆ ಯಾಕೆ ಅಂತ ಹೋದರೆ ಆದಿಮಾನವನ ತನಕ ಹೋಗ್ತೀಯ. ಪ್ಯಾರಾ ಎಲ್ಲಿ ಮುಗಿಸ್ತೀಯ?” ನ್ಯಾಯವಾದ ಮಾತು. ನನಗೆ ತೋಚಿದ ಉತ್ತರ ಇದು: ಯಾರೋ ಒಬ್ಬರು ಬೇರೆ ರೀತಿ ಮಾಡಬಹುದಿತ್ತು ಎಂಬ ಜಾಗ ಸಿಕ್ಕಿದಾಗ ನಿಲ್ಲಿಸಬಹುದು. ಮೋಡದ ಹತ್ತಿರ ನಿಲ್ಲುವುದರಲ್ಲಿ ಅರ್ಥವಿಲ್ಲ, ಮೋಡಕ್ಕೆ ಬೇರೆ ದಾರಿ ಇರಲಿಲ್ಲ. ತೂಬಿನ ಹತ್ತಿರ ನಿಲ್ಲಬಹುದು, ತೂಬಿಗೆ ಒಬ್ಬ ಮನುಷ್ಯನಿದ್ದಾನೆ. ಲಲಿತ ಪ್ರಬಂಧಕ್ಕೂ ಈ ನಿಯಮ ಹಚ್ಚುತ್ತೀಯಾ ಎಂದು ಕೇಳಬೇಡಿ. ಅಲ್ಲಿ ಬೆಕ್ಕು, ಕೊಡೆ, ನಶ್ಯದ ಬಗ್ಗೆ ಹೇಗೆ ಬೇಕಾದರೂ ತಿರುಗಾಡಿ.

ಬಂದ ಪ್ರಬಂಧಗಳಲ್ಲಿ ಒಂದು ಮಾತ್ರ ಬೇರೆ ಥರ ಇತ್ತು. ಮೊದಲ ವರ್ಷದ ಒಬ್ಬ ಹುಡುಗಿಯದು. ಎರಡು ಪುಟದಲ್ಲಿ ಆಕೆ ಬರೆದದ್ದು ಒಂದೇ ಸಂಗತಿ. ಅಪ್ಪ-ಅವ್ವ ಗುಳೆ ಹೊರಟಾಗ ಎಮ್ಮೆಯನ್ನು ನೋಡಿಕೊಳ್ಳುವವರಿರಲಿಲ್ಲ, ಆದ್ದರಿಂದ ಮಾರಿದರು. ಎಲ್ಲರೂ ಒಟ್ಟಿಗೆ ಮಾರುವ ಕಾಲ, ಆದ್ದರಿಂದ ಬೆಲೆ ಬಿದ್ದಿತ್ತು. ತಿರುಗಿ ಬಂದಾಗ ಎಲ್ಲರೂ ಕೊಳ್ಳುವ ಕಾಲ, ಬೆಲೆ ಏರಿತ್ತು. ಕೊಳ್ಳಲಾಗಲಿಲ್ಲ. ಹಾಲು ಮಾರಿ ಬರುತ್ತಿದ್ದ ವಾರದ ದುಡ್ಡು ನಿಂತಿತು, ಮುಂದಿನ ವರ್ಷ ಇನ್ನಷ್ಟು ಬೇಗ ಹೊರಟರು. ಬೇಡಿಕೆ-ಪೂರೈಕೆಯ ಪಾಠವನ್ನು ನಾನು ಇಷ್ಟು ಸ್ವಚ್ಛವಾಗಿ ನಮ್ಮ ಪಠ್ಯದಲ್ಲೂ ಓದಿಲ್ಲ. ಬಹುಮಾನ ಬರಲಿಲ್ಲ. ‘ಅಂಶಗಳು ಕಡಿಮೆ’ ಎಂದು ಅಂಚಿನಲ್ಲಿ ಕೆಂಪು ಶಾಯಿ.

ಈಗ ಪರಿಣಾಮದ ಕಡೆಗೆ. ‘ಗುಳೆಯಿಂದ ಮಕ್ಕಳ ಶಿಕ್ಷಣ ಹಾಳಾಗುತ್ತದೆ’ ಎಂದು ಎಲ್ಲರೂ ಬರೆದಿದ್ದಾರೆ. ನಿಜ. ಹೇಗೆ ಹಾಳಾಗುತ್ತದೆ? ಊರಲ್ಲಿ ಕನ್ನಡ ಶಾಲೆಯ ಹಾಜರಿಯಲ್ಲಿ ಹೆಸರಿರುವ ಮಗು ಇಲ್ಲಿಗೆ ಬಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ತೆಲುಗು, 2022-23ರಿಂದ ಇಂಗ್ಲಿಷ್. ಕನ್ನಡಕ್ಕೆ ಕಾಚಿಗುಡದ ನೃಪತುಂಗ ಶಾಲೆ ಇದೆ, ಅಲ್ಲೇ ಕರ್ನಾಟಕ ಸಾಹಿತ್ಯ ಮಂದಿರವೂ ಇದೆ. ಮಾದಾಪುರದಿಂದ ಅದು ಪಟ್ಟಣದ ಇನ್ನೊಂದು ತುದಿ. ಅವು ಅಲ್ಲಿ ಯಾಕಿವೆ? 1956ರ ತನಕ ಬೀದರ್, ಗುಲಬರ್ಗಾ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದವು. ನೌಕರಿ, ಕೋರ್ಟು, ಕಾಲೇಜು ಎಂದು ಬಂದ ಕನ್ನಡಿಗರು ಆಗಿನ ಊರಿನಲ್ಲಿ ನೆಲೆಸಿದರು, ತಮ್ಮ ಮನೆಗಳ ಹತ್ತಿರ ಶಾಲೆ-ಮಂದಿರ ಕಟ್ಟಿಕೊಂಡರು. 1956ರ ನವೆಂಬರ್ 1ರ ನಂತರ ಆ ಜಿಲ್ಲೆಗಳವರಿಗೆ ರಾಜಧಾನಿ ಬೆಂಗಳೂರಾಯಿತು. ಈಗ ಹೈದರಾಬಾದಿಗೆ ಬರುವ ಕನ್ನಡಿಗ ಕಟ್ಟಡ ಕಟ್ಟಲೋ ಕಂಪ್ಯೂಟರ್ ಮುಂದೆ ಕೂರಲೋ ಬರುತ್ತಾನೆ, ಪಶ್ಚಿಮದಲ್ಲಿ ಇಳಿಯುತ್ತಾನೆ. ಕನ್ನಡ ಮಾತ್ರ ಪೂರ್ವದಲ್ಲೇ ಉಳಿಯಿತು. ರಾಜ್ಯೋತ್ಸವದ ಭಾಷಣಗಳಲ್ಲಿ ಇದಕ್ಕೆ ‘ಅಭಿಮಾನದ ಕೊರತೆ’ ಎನ್ನುತ್ತಾರೆ. ದಿನಗೂಲಿಯ ತಾಯಿ ಎರಡು ಬಸ್ಸು ಬದಲಿಸಿ ಮಗುವನ್ನು ಕಾಚಿಗುಡಕ್ಕೆ ಬಿಟ್ಟು ಎಂಟಕ್ಕೆ ಅಡ್ಡಾದಲ್ಲಿ ನಿಲ್ಲಲಾರಳು. ಇದರಲ್ಲಿ ಅಭಿಮಾನ ಎಲ್ಲಿ ಬಂತು?

ಇಲ್ಲಿ ನಮ್ಮ ಸಂಘವೂ ಒಂದು ಕೊಂಡಿ. ನಮ್ಮ ಸಭೆ ಭಾನುವಾರ ಬೆಳಿಗ್ಗೆ. ನಾನು ಕಂಡ ಗೌಂಡಿಗಳು ಭಾನುವಾರವೂ ಕೆಲಸಕ್ಕೆ ಹೋಗುತ್ತಾರೆ, ರಜೆ ಹಾಕುವುದು ಅಮಾವಾಸ್ಯೆಯ ದಿನ. ಮುಂದಿನ ಅಮಾವಾಸ್ಯೆಗೆ ಒಂದು ಸಭೆಯನ್ನು ಮಾದಾಪುರದಲ್ಲಿ ಇಡೋಣ ಎಂದು ಕಾರ್ಯದರ್ಶಿಗಳಿಗೆ ಚೀಟಿ ಕೊಟ್ಟಿದ್ದೇನೆ. ಮಕ್ಕಳಿಗೆ ಒಂದನೆಯ ತರಗತಿಯ ಕನ್ನಡ ಪುಸ್ತಕ ಹತ್ತು ಪ್ರತಿ ಬೇಕು. ಯಾರ ಮನೆಯಲ್ಲಾದರೂ ಹಳೆಯವು ಇದ್ದರೆ ತನ್ನಿ.