ತಾಯಿಯಿರುವ ಮಗುವಿಗೆ ಅನಾಥಾಲಯವೇಕೆ?

ರಜೆಯ ದಿನಗಳಲ್ಲಿ ಹೊರದೇಶದ ಮಕ್ಕಳ ಆಶ್ರಮವೊಂದಕ್ಕೆ ಹೋಗಿ, ಎರಡು ಮೂರು ವಾರ ಸೇವೆ ಸಲ್ಲಿಸಿ ಬರುವ ಪರಿಪಾಠ ಪಾಶ್ಚಾತ್ಯ ದೇಶಗಳಲ್ಲಿ ಹಳೆಯದು. ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಮನೆಗಳ ತರುಣ ತರುಣಿಯರನ್ನೂ ಅದು ಆಕರ್ಷಿಸದೆ ಇರದು. ನೇಪಾಳವಂತೂ ಸಮೀಪ, ಭಾರತೀಯರಿಗೆ ಅಲ್ಲಿ ವೀಸಾ ಸಹ ಬೇಕಿಲ್ಲ. ಹೊರಡುವವರ ಅಂತಃಕರಣ ಶುದ್ಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಾನದ ಫಲವು ದಾತೃವಿನ ಭಾವವೊಂದನ್ನೇ ಅವಲಂಬಿಸಿದುದಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದಲೂ ಅದರಲ್ಲಿ ತಾರತಮ್ಯ ಉಂಟಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇಲ್ಲಿ ದಾತೃವೂ ದ್ರವ್ಯವೂ ನಿರ್ದುಷ್ಟವಾಗಿರಬಹುದು, ಮಗುವೂ ಕರುಣೆಗೆ ಅರ್ಹವೇ. ದೋಷವಿರುವುದು ವಿಧಿಯಲ್ಲಿ.

ನೇಪಾಳದ ಅನುಭವವನ್ನೇ ನೋಡೋಣ. 1996ರಿಂದ 2006ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂತಹ ದುರ್ಗಮ ಜಿಲ್ಲೆಗಳಿಗೆ ದಳ್ಳಾಳಿಗಳು ಹೋದರು. ಮಕ್ಕಳನ್ನು ಯುದ್ಧದಿಂದ ಕಾಪಾಡಿ ಓದಿಸುತ್ತೇವೆಂದು ನಂಬಿಸಿ, ಬಡ ತಂದೆತಾಯಿಗಳಿಂದಲೇ ಹಣ ಪಡೆದು, ಮಕ್ಕಳನ್ನು ಕಾಠ್ಮಂಡುವಿಗೆ ಕರೆತಂದರು. ಅಲ್ಲಿ ಸುಳ್ಳು ಕಾಗದಪತ್ರಗಳ ಬಲದಿಂದ ಆ ಮಕ್ಕಳು ಅನಾಥರಾದರು. 2015ರ ಭೂಕಂಪದ ವೇಳೆಗೆ ಆ ದೇಶದ ಆಶ್ರಮಗಳಲ್ಲಿ ಸುಮಾರು 15,000 ಮಕ್ಕಳಿದ್ದರು. ಅವರಲ್ಲಿ ಶೇಕಡ 85ರಷ್ಟು ಮಕ್ಕಳಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಜೀವಂತವಾಗಿದ್ದಾರೆಂದು ಯುನಿಸೆಫ್ ಅಂದಾಜು ಮಾಡಿತು. ಈ ಆಶ್ರಮಗಳಲ್ಲಿ ಬಹುಪಾಲು ಇದ್ದುದು ಅತ್ಯಂತ ಬಡ ಜಿಲ್ಲೆಗಳಲ್ಲಲ್ಲ. ಪ್ರವಾಸಿಗರು ಹೆಚ್ಚಾಗಿ ಬರುವ ಕಾಠ್ಮಂಡು ಕಣಿವೆ, ಪೊಖರಾ, ಚಿತವನಗಳ ಸುತ್ತಮುತ್ತ. ಇದು ಆಕಸ್ಮಿಕವಲ್ಲ. ಬರುವ ಸ್ವಯಂಸೇವಕನು ಶುಲ್ಕ ತೆರುತ್ತಾನೆ, ಊರಿಗೆ ಮರಳಿದ ಮೇಲೆ ದೇಣಿಗೆ ಕಳುಹಿಸುತ್ತಾನೆ. ಮಗುವಿಲ್ಲದ ಆಶ್ರಮಕ್ಕೆ ದೇಣಿಗೆ ಬಾರದು. ಆದುದರಿಂದ ಮಗುವನ್ನು ಹುಡುಕಿ ತರಲಾಗುತ್ತದೆ. ನಮ್ಮ ಕರುಣೆಯೇ ಅನಾಥರನ್ನು ಸೃಷ್ಟಿಸುವ ಬಗೆ ಇದು.

ಎಲ್ಲ ಆಶ್ರಮಗಳೂ ಹೀಗೆಂದು ಹೇಳುವುದು ಅನ್ಯಾಯವಾದೀತು. ನಿಜಕ್ಕೂ ಯಾರೂ ಇಲ್ಲದ ಮಕ್ಕಳಿದ್ದಾರೆ, ಅವರನ್ನು ಪ್ರಾಮಾಣಿಕವಾಗಿ ಪೊರೆಯುವವರೂ ಇದ್ದಾರೆ. ಆದರೆ ಅಂತಹ ಮಗುವಿಗೆ ಬೇಕಾದುದು ವರ್ಷಗಟ್ಟಲೆ ಜೊತೆಗಿರುವ, ತರಬೇತಿ ಪಡೆದ ಪಾಲಕರು. ಎರಡು ವಾರ ಎತ್ತಿ ಮುದ್ದಾಡಿ ವಿಮಾನ ಹತ್ತುವ ಅತಿಥಿಯು ಆ ಮಗುವಿಗೆ ಮತ್ತೊಂದು ಅಗಲಿಕೆಯನ್ನು ಕೊಟ್ಟು ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ ಬರುತ್ತಾನೆ, ಅವನೂ ಹೋಗುತ್ತಾನೆ. ನಮ್ಮ ಸ್ವಂತ ಮಕ್ಕಳ ಶಾಲೆಗೆ ಗುರುತು ಪರಿಚಯವಿಲ್ಲದ ವಿದೇಶೀಯನೊಬ್ಬ ಬಂದು, ಅವರೊಡನೆ ದಿನವಿಡೀ ಇದ್ದು, ಚಿತ್ರ ತೆಗೆದು ಪ್ರಕಟಿಸಿದರೆ ನಾವು ಒಪ್ಪುವೆವೆ?

"ನಮ್ಮ ಸಮಾಜವೂ ವಸತಿಗೃಹಗಳನ್ನು ಕಟ್ಟಲಿಲ್ಲವೆ?" ಎಂದು ಕೆಲವರು ಕೇಳಬಹುದು. ಕಟ್ಟಿದೆ. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯ ಬೋರ್ಡಿಂಗುಗಳಿಂದ ಎಷ್ಟೋ ರೈತ ಕುಟುಂಬಗಳ ಮಕ್ಕಳು ವಿದ್ಯಾವಂತರಾದರು. ಆದರೆ ಆ ವಿದ್ಯಾರ್ಥಿಯು ತನ್ನ ತಂದೆಯ ಹೆಸರಿನೊಡನೆ ಬಂದನು, ರಜೆಯಲ್ಲಿ ತನ್ನ ಮನೆಗೇ ಮರಳಿದನು. ಅವನನ್ನು ಯಾರೂ ಅನಾಥನೆಂದು ಪ್ರದರ್ಶಿಸಲಿಲ್ಲ. ವಿದ್ಯೆಯನ್ನು ಕೊಡುವುದು ಬೇರೆ. ವಿದ್ಯೆಯ ಹೆಸರಿನಲ್ಲಿ ಮನೆಯನ್ನು ಕಸಿದುಕೊಳ್ಳುವುದು ಬೇರೆ.

ಲೋಕವು ಈ ವಿಷಯದಲ್ಲಿ ಎಚ್ಚೆತ್ತಿದೆ. ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಬೇಕೆಂದು ಆಸ್ಟ್ರೇಲಿಯಾದ ಸಂಸದೀಯ ಸಮಿತಿಯು 2017ರಲ್ಲಿ ಹೇಳಿತು. ಅನಾಥಾಲಯಗಳಲ್ಲಿನ ಸ್ವಯಂಸೇವೆ ಮತ್ತು ಪ್ರವಾಸೋದ್ಯಮದಿಂದ ಆಗುವ ಹಾನಿಯನ್ನು ತಡೆಯುವಂತೆ ವಿಶ್ವಸಂಸ್ಥೆಯ ಮಹಾಸಭೆಯು 2019ರಲ್ಲಿ ಸದಸ್ಯ ರಾಷ್ಟ್ರಗಳನ್ನು ಕೋರಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು ವಿಧಿಸಿದೆ. ಮಗುವು ಮನೆಯಲ್ಲಿಯೇ ಬೆಳೆಯಲೆಂದು ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಕುಟುಂಬಗಳಿಗೆ ತಿಂಗಳಿಗೆ 4,000 ರೂಪಾಯಿ ನೆರವಿನ ಅವಕಾಶವೂ ಇದೆ. ಸ್ವದೇಶದ ಮಗುವಿಗೆ ನಾವು ಒಪ್ಪಿದ ಈ ನ್ಯಾಯವು ನೆರೆದೇಶದ ಮಗುವಿಗೂ ಸಲ್ಲಬೇಡವೆ? ಹೊರದೇಶದ ಆಶ್ರಮಗಳಿಗೆ ಸೇವೆಗೆಂದು ತೆರಳುವವರಿಗೆ ಕೇಂದ್ರ ಸರ್ಕಾರವು ಸ್ಪಷ್ಟ ಸೂಚನೆ ನೀಡಬೇಕು. ಯುವಜನರನ್ನು ಕಳುಹಿಸುವ ಕಾಲೇಜುಗಳೂ ಸಂಘಗಳೂ ಅದಕ್ಕೆ ಬದ್ಧವಾಗಿರಬೇಕು.

ಸರ್ಕಾರಕ್ಕೂ ಮೊದಲು ನಮ್ಮ ಟ್ರಸ್ಟುಗಳು ಕೆಲವು ಪ್ರಶ್ನೆಗಳನ್ನು ಕೇಳಲಿ. ಈ ಮಕ್ಕಳ ತಂದೆತಾಯಿಗಳು ಎಲ್ಲಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಅಪರಿಚಿತರಿಗೆ ಮಕ್ಕಳ ಬಳಿ ಪ್ರವೇಶವಿದೆಯೆ? ಸಮರ್ಪಕ ಉತ್ತರ ದೊರೆಯದಿದ್ದಲ್ಲಿ ಹಣವನ್ನೂ ಕೊಡಬಾರದು, ಮಕ್ಕಳನ್ನೂ ಕಳುಹಿಸಬಾರದು. ವಿಮಾನದ ಟಿಕೆಟಿಗೆ ವ್ಯಯವಾಗುವ ಹಣವು ಹಳ್ಳಿಯ ಶಾಲೆಗೆ, ವಿಧವೆ ತಾಯಿಯೊಬ್ಬಳ ಜೀವನೋಪಾಯಕ್ಕೆ, ಕಳೆದುಹೋದ ಮಕ್ಕಳನ್ನು ಮನೆಗೆ ಸೇರಿಸುವ ಕಾರ್ಯಕ್ಕೆ ಸಲ್ಲಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನಾವು ನಿತ್ಯವೂ ಕೊಂಡಾಡುತ್ತೇವೆ. ಮಗುವಿಗೆ ತಾಯಿಯ ಅಗಲಿಕೆಗಿಂತ ದೊಡ್ಡ ಭಯವಿಲ್ಲ. ಆ ಭಯವನ್ನು ನಿವಾರಿಸುವುದೇ ಅದಕ್ಕೆ ಸಲ್ಲುವ ಅಭಯದಾನ.