ಮೀನು ಹುಡುಕುವ ಪೆಟ್ಟಿಗೆ, ಬೋಟು ಹುಡುಕುವ ಪೆಟ್ಟಿಗೆ

ಜುಲೈ ಮೊದಲ ವಾರ ಮಲ್ಪೆಯಿಂದ ಬಾವನ ಫೋನು. ಬಾವ ಅಂದರೆ ನನ್ನ ಸೋದರಮಾವನ ಮಗ. ಇಪ್ಪತ್ತು ವರ್ಷ ಬೇರೆಯವರ ಟ್ರಾಲ್ ಬೋಟಿನಲ್ಲಿ ದುಡಿದು, ತಾಂಡೇಲನಾಗಿ, ಈಗ ಇನ್ನಿಬ್ಬರ ಜೊತೆ ಪಾಲು ಹಾಕಿ ಹಳೇ ಬೋಟೊಂದನ್ನು ಕೊಂಡಿದ್ದಾನೆ. "ಜಿಪಿಎಸ್ಸೂ ಹೋಗಿದೆ, ಫಿಶ್ ಫೈಂಡರೂ ಹೋಗಿದೆ ಮಾರಾಯ. ಆಗಸ್ಟ್ ಒಂದಕ್ಕೆ ಕಡಲಿಗೆ ಇಳೀಬೇಕು. ನೀನು ಇಂಜಿನಿಯರಿಂಗ್ ಓದಿದವ ಅಲ್ವಾ, ಯಾವುದು ತಗೊಳ್ಳೋದು ಹೇಳು."

ಎಲೆಕ್ಟ್ರಾನಿಕ್ಸ್ ಓದಿ, ನಾಲ್ಕು ವರ್ಷ ಕೋಡ್ ಬರೆದು, ಆಮೇಲೆ ವರದಿಗಾರನಾದವನು ನಾನು. ನನ್ನ ಡಿಗ್ರಿಗೆ ಒಂದು ಉಪಯೋಗ ಇದೆ ಅಂತ ಮನೆಯವರಿಗೆ ಅನಿಸಿದ್ದು ಇದೇ ಮೊದಲು. ಎರಡು ದಿನ ಕೂತು ಓದಿದೆ, ಬಂದರಿನ ಅಂಗಡಿಗಳಿಗೂ ಅವನ ಜೊತೆ ಹೋದೆ. ಮೂವತ್ತೈದು ಸಾವಿರದಿಂದ ಎರಡು ಲಕ್ಷದವರೆಗೆ ದರ ಹೇಳಿದರು. ಒಂದು ಅಂಗಡಿಯವರಂತೂ ಪರದೆ ದೊಡ್ಡದಾದಷ್ಟೂ ಮೀನು ಜಾಸ್ತಿ ಅನ್ನೋ ಹಾಗೆ ಮಾತಾಡಿದರು.

ಪರದೆ ಮುಖ್ಯ ಅಲ್ಲ. ಬೋಟಿನ ಅಡಿಯಲ್ಲಿ ಕೂರುವ ಟ್ರಾನ್ಸ್‌ಡ್ಯೂಸರ್ ಮುಖ್ಯ. ಅದು ನೀರಿಗೆ ಶಬ್ದ ಬಿಡುತ್ತದೆ, ತಳಕ್ಕೋ ಮೀನಿಗೋ ಬಡಿದು ಬಂದ ಪ್ರತಿಧ್ವನಿಯನ್ನು ಹಿಡಿಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 60 ಮೀಟರ್ ಆಳಕ್ಕೆ ಹೋಗಿ ಬರಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಸಾಮಾನ್ಯವಾಗಿ ಎರಡು ಫ್ರೀಕ್ವೆನ್ಸಿ ಇರುತ್ತವೆ. 200 ಕಿಲೋಹರ್ಟ್ಸ್ ಅಂದರೆ ಕಿರಿದಾದ ಕೋನ್, ವಿವರ ಸ್ಪಷ್ಟ, ಆದರೆ ಆಳ ಕಡಿಮೆ. 50 ಕಿಲೋಹರ್ಟ್ಸ್ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ನೋಡುತ್ತದೆ, ಚಿತ್ರ ಮಾತ್ರ ಮಸುಕು. 60 ಮೀಟರ್ ಆಳದಲ್ಲಿ 12 ಡಿಗ್ರಿ ಕೋನ್ ನೋಡುವುದು ಸುಮಾರು 12 ಮೀಟರ್ ಅಗಲದ ವೃತ್ತ, 45 ಡಿಗ್ರಿ ಕೋನ್ ನೋಡುವುದು ಸುಮಾರು 50 ಮೀಟರ್. ಈಗಿನ 'ಚಿರ್ಪ್' ಯಂತ್ರಗಳು ಒಂದೇ ಫ್ರೀಕ್ವೆನ್ಸಿಯ ಬದಲು ಒಂದು ಶ್ರೇಣಿಯನ್ನೇ ಬಿಡುವುದರಿಂದ ಹತ್ತಿರ ಹತ್ತಿರ ಇರುವ ಮೀನುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತವೆ.

ಇದನ್ನೆಲ್ಲ ಬಾವನಿಗೆ ವಿವರಿಸಿದಾಗ ಅವನು ನಕ್ಕ. "ಮೀನು ಕಂಡರೆ ಎಂತ ಮಾಡೋದು? ಬಲೆ ಹಿಂದೆ ಎಲ್ಲೋ ಇರ್ತದೆ." ಅವನು ಹೇಳಿದ್ದು ನಿಜ. ಟ್ರಾಲ್ ಬಲೆ ಬೋಟಿನ ಇನ್ನೂರು ಮುನ್ನೂರು ಮೀಟರ್ ಹಿಂದೆ ಎಳೆದುಕೊಂಡು ಬರುತ್ತಿರುತ್ತದೆ. ಮೂರು ನಾಟ್ ವೇಗದಲ್ಲಿ ಬೋಟಿನ ಅಡಿಯಲ್ಲಿ ಕಂಡ ಜಾಗಕ್ಕೆ ಬಲೆ ಮುಟ್ಟಲು ಮೂರು ನಿಮಿಷ ಹಿಡಿಯುತ್ತದೆ. ಮೀನು ಅಷ್ಟು ಹೊತ್ತು ಕಾಯುವುದಿಲ್ಲ. ಬೊಂಡಾಸಿಗಂತೂ ಗಾಳಿಚೀಲವೇ ಇಲ್ಲ, ಹಾಗಾಗಿ ಅದರ ಪ್ರತಿಧ್ವನಿಯೂ ಸಣಕಲು. ಬಾವನಿಗೆ ಫಿಶ್ ಫೈಂಡರ್ ಬೇಕಿರುವುದು ಮುಖ್ಯವಾಗಿ ತಳ ನೋಡಲು. ತಳ ಗಟ್ಟಿ ಇದ್ದರೆ ಪ್ರತಿಧ್ವನಿ ಮತ್ತೊಮ್ಮೆ ಮೇಲೆ ಬಡಿದು ಎರಡನೇ ಗೆರೆಯಾಗಿ ಕಾಣಿಸುತ್ತದೆ. ಆ ಗೆರೆ ಕಂಡರೆ ಕೆಳಗೆ ಕಲ್ಲು, ಬಲೆ ಎತ್ತು ಅಂತ ಅರ್ಥ. ಬಲೆ ಹರಿದರೆ ಆ ಟ್ರಿಪ್ಪಿನ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ.

ಜಿಪಿಎಸ್ ವಿಷಯಕ್ಕೆ ಬಂದಾಗ ಸಂಗತಿ ರಾಜಕೀಯವಾಯಿತು.

ಮಾವನ ಕಾಲದಲ್ಲಿ ಗುರುತು ಅಂದರೆ ದಡ. ಕಾಪು ದೀಪಸ್ತಂಭ ಎಲ್ಲಿ ಬರ್ತದೆ, ಕುದುರೆಮುಖದ ತುದಿ ಯಾವುದರ ಮೇಲೆ ಕೂರ್ತದೆ, ಆಳ ಎಷ್ಟು ಮಾರು. ಇಷ್ಟು ಗೊತ್ತಿದ್ದವನು ತಾಂಡೇಲ. ಈಗ ಆ ಗುರುತುಗಳೆಲ್ಲ ಪ್ಲಾಟರ್ ಒಳಗಿನ ಪಾಯಿಂಟುಗಳು. ಈ ಬದಲಾವಣೆ ಬಂದದ್ದೂ ಒಂದು ಸರ್ಕಾರಿ ನಿರ್ಧಾರದಿಂದ, ಅದೂ ನಮ್ಮ ಸರ್ಕಾರದ್ದಲ್ಲ. ಅಮೆರಿಕ ತನ್ನ ಸೈನ್ಯಕ್ಕಷ್ಟೇ ನಿಖರ ಸಿಗ್ನಲ್ ಇಟ್ಟುಕೊಂಡು ಉಳಿದವರಿಗೆ ಬೇಕೆಂದೇ ಕೆಡಿಸಿದ ಸಿಗ್ನಲ್ ಕೊಡುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಆಡಳಿತ ಅದನ್ನು ನಿಲ್ಲಿಸಿತು. ನೂರು ಮೀಟರ್ ತಪ್ಪುವ ಯಂತ್ರ ಹಿಡಿದು ಕಲ್ಲಿನ ಪಕ್ಕ ಬಲೆ ಎಳೆಯಲಾಗದು, ಹತ್ತು ಮೀಟರ್ ಆದರೆ ಎಳೆಯಬಹುದು.

ತುಂಬಾ ಜನ ತಪ್ಪು ತಿಳಿದಿರುವ ಒಂದು ವಿಷಯ ಇದೆ. ಜಿಪಿಎಸ್ ಯಂತ್ರ ಬರೀ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಉಪಗ್ರಹದ ಸಿಗ್ನಲ್ ಹಿಡಿದು "ನೀನು ಇಲ್ಲಿದ್ದೀ" ಅಂತ ಬೋಟಿಗೆ ಹೇಳುತ್ತದೆ ಅಷ್ಟೇ. "ಬೋಟು ಇಲ್ಲಿದೆ" ಅಂತ ದಡಕ್ಕೆ ಹೇಳುವುದಿಲ್ಲ. ಎರಡು ಲಕ್ಷದ ಪ್ಲಾಟರ್ ಕೂಡ ಬೋಟಿನ ಜೊತೆಗೇ ಮುಳುಗುತ್ತದೆ.

ಇದರ ಅರ್ಥ ಏನು ಅಂತ ಮಲ್ಪೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಎರಡು ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಜನ ಇದ್ದರು. ಹುಡುಕಾಟ, ಹೆದ್ದಾರಿ ತಡೆ, ಮಂತ್ರಿಗಳ ಭೇಟಿ, ವದಂತಿಗಳು ಎಲ್ಲ ಆದವು. ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ನೌಕಾಪಡೆಯ ಹಡಗು ಅವಶೇಷ ಗುರುತಿಸಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಏಳು ಮನೆಗಳು ಫೋನ್ ನೋಡುತ್ತಾ ಕೂತಿದ್ದವು.

ಹಾಗಾಗಿ ಕೇಂದ್ರ ಸರ್ಕಾರದ ಟ್ರಾನ್ಸ್‌ಪಾಂಡರ್ ಯೋಜನೆಯನ್ನು ಕಣ್ಣುಮುಚ್ಚಿ ವಿರೋಧಿಸಲು ನನ್ನಿಂದ ಆಗುವುದಿಲ್ಲ. ಮತ್ಸ್ಯ ಸಂಪದ ಯೋಜನೆಯಡಿ 364 ಕೋಟಿ ರೂಪಾಯಿಯಲ್ಲಿ ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕುವ ಯೋಜನೆ ಇದು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಪಾಲ್ಘರ್‌ನಲ್ಲಿ ಚಾಲನೆ ಕೊಟ್ಟರು. ಇಸ್ರೋ ತಂತ್ರಜ್ಞಾನ, ಮೊಬೈಲ್ ಟವರ್ ಬೇಕಿಲ್ಲ, ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಹೋಗುತ್ತದೆ, ಅಪಾಯವಾದರೆ ಬಟನ್ ಒತ್ತಬಹುದು. 2019ರಲ್ಲಿ ಬಂದಿದ್ದ 'ಜೆಮಿನಿ' ಅನ್ನುವ ಸಾಧನದಲ್ಲಿ ಹವಾಮಾನ ಎಚ್ಚರಿಕೆ ಬರುತ್ತಿತ್ತು, ತಿರುಗಿ ಕೂಗಲು ಮಾತ್ರ ದಾರಿ ಇರಲಿಲ್ಲ. ಇದರಲ್ಲಿ ಇದೆ. ಇದು ಸಣ್ಣ ವಿಷಯ ಅಲ್ಲ.

ಆದರೂ ಬಾವನಿಗೆ ಅದರ ಮೇಲೆ ಗುಮಾನಿ. "ಇದು ನನ್ನನ್ನು ಕಾಯ್ಲಿಕ್ಕಾ, ಹಿಡೀಲಿಕ್ಕಾ?" ಅಂತ ಕೇಳಿದ.

ಇಷ್ಟು ನೇರವಾಗಿ ಕೇಳಿದ ಪ್ರಶ್ನೆಗೆ ಬೆಂಗಳೂರಿನ ಯಾವ ಡೇಟಾ ಪ್ರೈವೆಸಿ ಸೆಮಿನಾರಿನಲ್ಲೂ ನಾನು ಉತ್ತರ ಕೇಳಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಕಡಲು ರಾಜ್ಯದ್ದು, ಅಲ್ಲಿಂದ 200ರವರೆಗೆ ಕೇಂದ್ರದ್ದು. ಮಲ್ಪೆಯ ಬೋಟು ಮೀನಿನ ಹಿಂದೆ ಗೋವಾ, ಮಹಾರಾಷ್ಟ್ರದವರೆಗೆ ಹೋಗುತ್ತದೆ. ಪಕ್ಕದ ರಾಜ್ಯದ 12 ಮೈಲಿಯೊಳಗೆ ಹೋದರೆ ಬೋಟು ಜಪ್ತಿ, ದಂಡ. ಅದು ಸರಿಯಾದ ನಿಯಮವೇ. ಅಲ್ಲಿಯ ಸಣ್ಣ ಮೀನುಗಾರರ ಅನ್ನದ ಪ್ರಶ್ನೆ ಅದು. ಆದರೆ "ಜೀವ ಉಳಿಸಲು" ಅಂತ ಹೇಳಿ ಕೂರಿಸಿದ ಪೆಟ್ಟಿಗೆಯ ದಾಖಲೆಯನ್ನೇ ನಾಳೆ ದಂಡಕ್ಕೆ ಸಾಕ್ಷಿ ಮಾಡುತ್ತೀರಾದರೆ ಅದನ್ನು ಮೊದಲೇ ಹೇಳಬೇಕು. ಹೇಳದೇ ಇದ್ದರೆ ಏನಾಗುತ್ತದೆ? ತಾಂಡೇಲ ಅದರ ವಯರು ಕೀಳುತ್ತಾನೆ. ನಿಜವಾಗಿ ಬಿರುಗಾಳಿ ಬಂದ ದಿನವೂ ವಯರು ಕಿತ್ತೇ ಇರುತ್ತದೆ.

ಇನ್ನೊಂದು ಭಯ ವ್ಯಾಪಾರದ್ದು. ಬೋಟು ಎಲ್ಲಿ ನಿಧಾನವಾಯಿತು, ಎಲ್ಲಿ ಹಿಂದೆ ಮುಂದೆ ಓಡಾಡಿತು ಅನ್ನುವುದನ್ನು ನೋಡಿದರೆ ಮೀನಿನ ಜಾಗ ಯಾವುದು ಅಂತ ಯಾರು ಬೇಕಾದರೂ ಹೇಳಬಹುದು. ಲಕ್ಷ ಬೋಟುಗಳ ಈ ದಾಖಲೆ ಒಂದೇ ಕಡೆ ಸೇರಿದರೆ ಅದು ಭಾರತದ ಕಡಲಿನ ಅತಿ ಬೆಲೆಬಾಳುವ ನಕ್ಷೆಯಾಗುತ್ತದೆ. ಅದನ್ನು ಬರೆದವರು ಮೀನುಗಾರರು, ಇಟ್ಟುಕೊಂಡವರು ಬೇರೆಯವರು. 2023ರ ಡೇಟಾ ಸಂರಕ್ಷಣಾ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೇ ಕೊಟ್ಟಿದೆ. 2025ರ ನವೆಂಬರ್‌ನಲ್ಲಿ ಬಂದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳು ಯಾಂತ್ರಿಕ ಬೋಟುಗಳಿಗೆ ಆನ್‌ಲೈನ್ ಆಕ್ಸೆಸ್ ಪಾಸ್ ಕಡ್ಡಾಯ ಮಾಡಿವೆ. ಕಡಲಿನ ಮೇಲೆ ಸರ್ಕಾರದ ಕಣ್ಣು ಇನ್ನು ಹೆಚ್ಚುತ್ತಲೇ ಹೋಗುತ್ತದೆ. ದಾಖಲೆ ಯಾರು ನೋಡಬಹುದು, ಎಷ್ಟು ದಿನ ಇಡಬಹುದು, ಖಾಸಗಿಯವರಿಗೆ ಕೊಡಬಹುದಾ ಅನ್ನುವುದು ಕನ್ನಡದಲ್ಲಿ, ಒಂದು ಪುಟದಲ್ಲಿ, ಪೆಟ್ಟಿಗೆಯ ಜೊತೆಗೇ ಬರಬೇಕು. ಕೇಳಬೇಕಾದವರು ನಮ್ಮ ಕರಾವಳಿಯ ಶಾಸಕರು, ಸಂಸದರು. ಅವರಿಗೆ ಬೇರೆ ಕೆಲಸ ಜಾಸ್ತಿ ಇದೆ.

ಬಾವನ ಪರವಾಗಿಯೇ ಎಲ್ಲವನ್ನೂ ಬರೆದರೆ ಸುಳ್ಳಾಗುತ್ತದೆ. ಫಿಶ್ ಫೈಂಡರ್, ಪ್ಲಾಟರ್ ಎರಡೂ ಮೀನನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಬೇಗ ಮುಗಿಸುತ್ತವೆ. ನಮ್ಮ ಕರಾವಳಿ ಇದನ್ನು ಒಮ್ಮೆ ನೋಡಿದೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದ್ದರೂ ನಾಡದೋಣಿಯವರು ಅದರ ವಿರುದ್ಧ ಇವತ್ತಿಗೂ ಕೂಗುತ್ತಲೇ ಇದ್ದಾರೆ. ನಾಡದೋಣಿಯಲ್ಲಿ ಹೋಗುವವನ ಕೈಯಲ್ಲಿ ಇರುವುದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೀರಿನ ಉಷ್ಣತೆ, ಹಸಿರು ಪಾಚಿಯ ಪ್ರಮಾಣ ನೋಡಿ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಉಚಿತವಾಗಿ ಕೊಡುತ್ತದೆ. ಆದರೆ ಆ ಜಾಗ ಮೂವತ್ತು ಮೈಲಿ ಆಚೆ ಇದ್ದರೆ ಅಲ್ಲಿಗೆ ಹೋಗುವಷ್ಟು ಇಂಜಿನ್ ಯಾರ ಬಳಿ ಇದೆಯೋ ಅವರಿಗೇ ಆ ಮಾಹಿತಿಯ ಲಾಭ. ಇದನ್ನು ಹೇಳಿದಾಗ ಬಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಸಾಲ ನಾಡದೋಣಿಯವರು ಕಟ್ತಾರಾ?" ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ಅವನು ಕೊಂಡದ್ದು ಎರಡೂ ಒಂದರಲ್ಲೇ ಇರುವ ಒಂಬತ್ತು ಇಂಚಿನ ಯಂತ್ರ. ಪರದೆಯಲ್ಲಿ ಉಳಿಸಿದ ದುಡ್ಡನ್ನು ಬೋಟಿನ ಹೊಟ್ಟೆ ಕೊರೆದು ಕೂರಿಸುವ ಟ್ರಾನ್ಸ್‌ಡ್ಯೂಸರಿಗೆ ಹಾಕಿಸಿದೆ. ಪ್ರೊಪೆಲ್ಲರಿನ ಗಾಳಿಗುಳ್ಳೆ ತಾಗದ ಜಾಗದಲ್ಲಿ ಅದು ಇರಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ಬರೀ ಹಿಮ ಬಿದ್ದ ಹಾಗೆ ತೋರಿಸುತ್ತದೆ. ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವಯರು, ಅದಕ್ಕೊಂದು ಫ್ಯೂಸು. ಹಳೇ ಯಂತ್ರ ಒಮ್ಮೆ ಉಸಿರಾಡಿದಾಗ ಅದರಲ್ಲಿದ್ದ ಪಾಯಿಂಟುಗಳನ್ನು ಕೂತು ಒಂದೊಂದಾಗಿ ನೋಟ್‌ಬುಕ್ಕಿಗೆ ಬರೆದುಕೊಂಡೆವು. ಅದರಲ್ಲಿ ಹನ್ನೊಂದು ಮಾವನ ಕಾಲದವು. ಹೊಸದಕ್ಕೆ ಹಾಕಿ, ಮೆಮೊರಿ ಕಾರ್ಡಿಗೆ ಒಂದು ಪ್ರತಿ ಇಳಿಸಿ ಕೊಟ್ಟೆ. ಕಾರ್ಡನ್ನು ಅತ್ತೆ ದೇವರ ಕೋಣೆಯ ಡಬ್ಬಿಯಲ್ಲಿ ಇಟ್ಟಿದ್ದಾರೆ.

ಟ್ರಾನ್ಸ್‌ಪಾಂಡರನ್ನೂ ಕೂರಿಸಿದ್ದಾನೆ, ವಯರು ಸದ್ಯಕ್ಕೆ ಹಾಕಿಯೇ ಇದೆ. ಮಾಲ್ವಣ್ ದಾಟಿದ ಮೇಲೂ ಹಾಕಿರ್ತೀಯಾ ಅಂತ ಕೇಳಿದೆ. "ಅತ್ಲಾಗೆ ಹೋದ ಮೇಲೆ ನೋಡುವ" ಅಂದ.